ಸಂಬಳಕ್ಕೆ ಇನ್ನೂ 11 ದಿನ: ಹತ್ತು ರೂಪಾಯಿಗೆ ಯಾವುದು ಹೆಚ್ಚು ಬಾಳುತ್ತದೆ?

ನಮ್ಮ ಮನೆಯ ಸಾಸಿವೆ ಡಬ್ಬಿಯಲ್ಲಿ ತಿಂಗಳ 27ನೇ ತಾರೀಖಿಗೆ ಹೆಚ್ಚೆಂದರೆ 1,200 ರೂಪಾಯಿ ಉಳಿದಿರುತ್ತದೆ. ಯಜಮಾನರದು ಗುತ್ತಿಗೆ ಕೆಲಸ, ಸಂಬಳ ಕೈಗೆ ಬರುವುದು 7ಕ್ಕೆ. ನಡುವಿನ 11 ದಿನ ಉಣ್ಣಬೇಕಾದವರು 5 ಜನ: ನಾವಿಬ್ಬರು, ಅತ್ತೆ, ಶಾಲೆಗೆ ಹೋಗುವ ಮಕ್ಕಳಿಬ್ಬರು. ಭಾಗ ಮಾಡಿದರೆ ತಲೆಗೆ ದಿನಕ್ಕೆ 22 ರೂಪಾಯಿ.

ನನ್ನ ತವರು ಸಿದ್ದಾಪುರದ ಕಡೆ, ಕೊಟ್ಟಿದ್ದು ಕಾರವಾರಕ್ಕೆ. ಘಟ್ಟದ ಮೇಲಿನ ತಂಬುಳಿ, ಅಪ್ಪೆಹುಳಿ ಗೊತ್ತು, ಕೆಳಗಿನ ತಾರ್ಲೆ (ಬೂತಾಯಿ ಮೀನು), ಬಳಚು (ಚಿಪ್ಪಿನ ಮೀನು) ಇಲ್ಲಿ ಬಂದು ಕಲಿತೆ. ಎರಡೂ ಕಡೆಯ ಅಡುಗೆಯನ್ನು ಪಕ್ಕಪಕ್ಕ ಇಟ್ಟು ಎಷ್ಟೋ ವರ್ಷ ಲೆಕ್ಕ ಹಾಕಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ಪಡಿತರ ಚೀಟಿ ಇರುವ ಮನೆಯಲ್ಲಿ ತಿಂಗಳ ಕೊನೆಗೆ ಕಡಿಮೆ ಬೀಳುವುದು ಅನ್ನವಲ್ಲ, ಅನ್ನದ ಜೊತೆ ಬಡಿಸುವ ಪದಾರ್ಥ. ಮಕ್ಕಳು ಗಂಜಿ, ಉಪ್ಪಿನಕಾಯಿ ಉಂಡು ಎದ್ದು ಎರಡು ತಾಸಿನೊಳಗೆ ಮತ್ತೆ ‘ಹಸಿವು’ ಎನ್ನುತ್ತಾರಲ್ಲ, ಆ ಹಸಿವಿನ ಬಗ್ಗೆ ಬರೆಯುತ್ತಿದ್ದೇನೆ. ಉಳಿದ ದುಡ್ಡು ಯಾವುದಕ್ಕೆ ಹೋಗಬೇಕು ಎಂದು ಆರಿಸುವಾಗ ‘ಕೆಜಿಗೆ ಎಷ್ಟು’ ಎಂದು ಕೇಳಿ ನಿಲ್ಲಿಸಬೇಡಿ. ‘ಹತ್ತು ರೂಪಾಯಿಗೆ ನಮ್ಮ ತಟ್ಟೆಗೆ ಎಷ್ಟು ಬಂತು’ ಎಂದು ನೋಡಿ.

ಮುಂದೆ ಹೇಳುವ ಬೆಲೆಗಳೆಲ್ಲ ನಾನು ಇತ್ತೀಚೆಗೆ ಕೊಟ್ಟ ಬೆಲೆಗಳು. ನಿಮ್ಮ ಅಂಗಡಿಯ ದರ ಹಾಕಿಕೊಂಡು ಲೆಕ್ಕ ತಿದ್ದಿಕೊಳ್ಳಿ.

ಅಕ್ಕಿ: ಪಡಿತರದ್ದೋ, ಕುಚ್ಚಲಕ್ಕಿಯೋ

2023ರ ಜನವರಿಯಿಂದ ಆದ್ಯತಾ (ಬಿಪಿಎಲ್) ಕುಟುಂಬಕ್ಕೆ ಕೇಂದ್ರದ ಪಾಲಿನ 5 ಕೆಜಿ ತಲೆಗೆ ಉಚಿತ. ಅಂತ್ಯೋದಯ ಚೀಟಿಗೆ ಇಡೀ ಮನೆಗೆ 35 ಕೆಜಿ. ಅನ್ನಭಾಗ್ಯದ ರಾಜ್ಯದ ಪಾಲು ಬದಲಾಗುತ್ತ ಬಂದಿದೆ: 2023ರ ಜುಲೈನಿಂದ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯಾಯಿತು. ಈ ತಿಂಗಳು ಏನು, ಎಷ್ಟು ಎಂಬುದನ್ನು ನ್ಯಾಯಬೆಲೆ ಅಂಗಡಿಯ ಫಲಕದಲ್ಲಿ ನೋಡಿಕೊಂಡೇ ಹೆಬ್ಬೆಟ್ಟು ಒತ್ತಿ. ಹಾವೇರಿ, ಕೊಪ್ಪಳದ ಕಡೆಯಿಂದ ಇಲ್ಲಿಗೆ ದುಡಿಯಲು ಬಂದವರು ಅಕ್ಕಿಗೆಂದು ಊರಿಗೆ ಹೋಗಬೇಕಾಗಿಲ್ಲ. ಅದೇ ಚೀಟಿಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡೆಯಬಹುದು.

ಮದುವೆಯಾದ ಹೊಸತರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಪಡಿತರದ ಅಕ್ಕಿ ಯಾರಿಗೂ ರುಚಿಸುವುದಿಲ್ಲವೆಂದು 10 ಕೆಜಿಯನ್ನು ಮನೆ ಬಾಗಿಲಿಗೆ ಬಂದವನೊಬ್ಬನಿಗೆ 120 ರೂಪಾಯಿಗೆ ಕೊಟ್ಟೆ. ಆ ದುಡ್ಡಿಗೆ ಅಂಗಡಿಯಲ್ಲಿ ಸಿಕ್ಕಿದ್ದು ಎರಡು ಕೆಜಿ ಚಿಲ್ಲರೆ ಸೋನಾ ಮಸೂರಿ. ಹತ್ತು ಕೆಜಿ ಕೊಟ್ಟು ಎರಡು ಕೆಜಿ ತಂದ ಹಾಗಾಯಿತು. ಪಡಿತರ ಅಕ್ಕಿ ಮಾರುವುದು ಕಾನೂನಿಗೂ ವಿರುದ್ಧ. ಅನ್ನಕ್ಕೆ ಒಗ್ಗದಿದ್ದರೆ ದೋಸೆಗೆ ಹಾಕಿ. ನೀರುದೋಸೆ, ತವರಿನ ತೆಳ್ಳೇವು, ಅಕ್ಕಿರೊಟ್ಟಿ ಇವಕ್ಕೆಲ್ಲ ಅದೇ ಅಕ್ಕಿ ಚೆನ್ನಾಗಿ ಆಗುತ್ತದೆ. ತೆಳ್ಳೇವಿಗೆ ಒಂದು ತುಂಡು ಮೊಗೆಕಾಯಿ (ಮಂಗಳೂರು ಸೌತೆ) ರುಬ್ಬಿ ಸೇರಿಸಿದರೆ ಹಿಟ್ಟೂ ಹೆಚ್ಚುತ್ತದೆ, ದೋಸೆಯೂ ಮೆದುವಾಗುತ್ತದೆ.

ಇನ್ನೊಂದು ಮಾತು. ಆ ಅಕ್ಕಿಯಲ್ಲಿ ಬಣ್ಣ ಸ್ವಲ್ಪ ಬೇರೆಯಾಗಿ ಕಾಣುವ, ನೀರಲ್ಲಿ ತೇಲುವ ಕಾಳುಗಳಿರಬಹುದು. ಪ್ಲಾಸ್ಟಿಕ್ ಅಕ್ಕಿ ಎಂದು ಹೆದರಿ ಆರಿಸಿ ಎಸೆಯುವವರನ್ನು ನೋಡಿದ್ದೇನೆ. ಅದು ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಸಾರವರ್ಧಿತ ಕಾಳು. 100 ಕಾಳಿಗೆ ಒಂದರ ಲೆಕ್ಕದಲ್ಲಿ ಬೆರೆಸಿರುತ್ತಾರೆ. ದಯವಿಟ್ಟು ಎಸೆಯಬೇಡಿ, ತೇಲಿತೆಂದು ನೀರಿನ ಜೊತೆ ಚೆಲ್ಲಲೂ ಬೇಡಿ.

ಕುಚ್ಚಲಕ್ಕಿ ನಮ್ಮ ಕಡೆಯವರಿಗೆ ಪ್ರಾಣ. ಭತ್ತ ಬೇಯಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ, ಗಂಜಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಅಂಗಡಿಯಲ್ಲಿ ಕೆಜಿಗೆ 50 ದಾಟುತ್ತದೆ, ಬೇಯಲು ಗ್ಯಾಸೂ ಹೆಚ್ಚು ಬೇಕು. ಕೈಯಲ್ಲಿ ದುಡ್ಡಿಲ್ಲದ 11 ದಿನದಲ್ಲಿ ಅದನ್ನು ಕೊಳ್ಳಬೇಡಿ ಎಂದೇ ನನ್ನ ಸಲಹೆ. ಮನೆಯಲ್ಲಿ ಮೊದಲೇ ಇದ್ದರೆ ಅತ್ತೆಯ ಬೆಳಗಿನ ಗಂಜಿಗೆ ಇಡಿ. ಚೆನ್ನಾಗಿ ಕುದಿ ಬಂದ ಮೇಲೆ ಮುಚ್ಚಳ ಭದ್ರ ಮಾಡಿ, ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿಟ್ಟರೆ ಒಂದು ಗಂಟೆಯಲ್ಲಿ ಬಿಸಿಯಲ್ಲೇ ಮುಕ್ಕಾಲು ಬೇಯುತ್ತದೆ. ಉಳಿದದ್ದಕ್ಕೆ ಹತ್ತು ನಿಮಿಷದ ಉರಿ ಸಾಕು.

ಬೇಳೆಯೋ, ಕಾಳೋ

ದುಡ್ಡು ಉಳಿಯುವುದು ಇಲ್ಲಿಯೇ. ಮಕ್ಕಳ ಮೈ ಬೆಳೆಯಲು, ದೊಡ್ಡವರ ಮೈ ಸೊರಗದಿರಲು ಬೇಕಾದ ಪ್ರೋಟೀನ್ ಹತ್ತು ರೂಪಾಯಿಗೆ ಯಾವುದರಲ್ಲಿ ಎಷ್ಟು ಸಿಗುತ್ತದೆ ಎಂದು ಒಮ್ಮೆ ಕುಳಿತು ಲೆಕ್ಕ ಹಾಕಿದೆ.

ಸೋಯಾ ತುಣುಕು, ಕೆಜಿಗೆ 140: ಸುಮಾರು 37 ಗ್ರಾಂ
ಹುರುಳಿ, ಕೆಜಿಗೆ 80: 27 ಗ್ರಾಂ
ಹೆಸರುಕಾಳು, ಕೆಜಿಗೆ 120: 20 ಗ್ರಾಂ
ಶೇಂಗಾ, ಕೆಜಿಗೆ 140: 18 ಗ್ರಾಂ
ತೊಗರಿಬೇಳೆ, ಕೆಜಿಗೆ 130: 17 ಗ್ರಾಂ
ತಾರ್ಲೆ, ಕೆಜಿಗೆ 100ರ ದಿನ, ತಲೆ ಮುಳ್ಳು ಕಳೆದು: 11 ಗ್ರಾಂ
ಮೊಟ್ಟೆ, ಒಂದಕ್ಕೆ 7: 9 ಗ್ರಾಂ
ಹಾಲು, ಲೀಟರಿಗೆ 46: 7 ಗ್ರಾಂ

ನಾವು ಕಣ್ಣು ಮುಚ್ಚಿ ಕೊಳ್ಳುವ ತೊಗರಿಬೇಳೆ ಕಾಳುಗಳ ಸಾಲಿನಲ್ಲಿ ಕೊನೆಯಲ್ಲಿ ಬರುತ್ತದೆ. ಸಾರಿಗೆ ಬೇಳೆಯೇ ಬೇಕೆಂಬುದು ಅಭ್ಯಾಸವಷ್ಟೇ. ಈ 11 ದಿನಕ್ಕೆ ನಾನು ತೊಗರಿಯನ್ನು ಪೂರ್ತಿ ಬಿಡುತ್ತೇನೆ.

ಅದರ ಜಾಗಕ್ಕೆ ಹುರುಳಿ. ಸೋಯಾ ಲೆಕ್ಕದಲ್ಲಿ ಮುಂದಿದ್ದರೂ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಹಾಕಿದರೆ ಮಕ್ಕಳು ತಟ್ಟೆಯ ಅಂಚಿಗೆ ಸರಿಸಿಡುತ್ತಾರೆ. ತಟ್ಟೆಯಲ್ಲಿ ಉಳಿದ ಪ್ರೋಟೀನಿನಿಂದ ಯಾರಿಗೇನು ಉಪಯೋಗ? ಹುರುಳಿಯಾದರೆ ಒಂದು ಬೇಯಿಸಿದ್ದಕ್ಕೆ ಎರಡು ಪದಾರ್ಥ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಮೊಳಕೆ ಬಂದಾಗ ಕಾಳಿನ ಕಬ್ಬಿಣಾಂಶ ಮೈಗೆ ಹೆಚ್ಚು ಹಿಡಿಯುತ್ತದೆ, ಕುಕ್ಕರಿನ ಸೀಟಿಯೂ ಕಡಿಮೆ ಸಾಕು. ಬೇಯಿಸಿದ ನೀರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಹುಳಿಗೆ ನಾಲ್ಕು ಮುರುಗಲು ಸಿಪ್ಪೆ ಬಿಟ್ಟರೆ ಕಟ್ಟಿನ ಸಾರು. ಕಾಳಿಗೆ ಈರುಳ್ಳಿ, ಒಣಮೆಣಸು ಹಾಕಿ ಬಾಡಿಸಿದರೆ ಪಲ್ಯ. ಎರಡಕ್ಕೂ ತೆಂಗಿನಕಾಯಿ ಬೇಡ. ನಮ್ಮ ಅವ್ವ ಹುರುಳಿ ಕಟ್ಟನ್ನು ಮಳೆಗಾಲದ ನಾಟಿ ದಿನಗಳಲ್ಲಿ ಮಾಡುತ್ತಿದ್ದಳು, ಗದ್ದೆಯಿಂದ ಚಳಿ ಹಿಡಿದು ಬಂದವರಿಗೆ ಮೊದಲು ಒಂದೊಂದು ಲೋಟ ಬಿಸಿಬಿಸಿ ಕುಡಿಯಲು ಕೊಟ್ಟು.

ಕಾಳನ್ನು ಅನ್ನದ ಜೊತೆಗೇ ಉಣ್ಣಬೇಕು ಎಂಬುದಕ್ಕೂ ಕಾರಣವಿದೆ. ಅಕ್ಕಿಯ ಪ್ರೋಟೀನಿನಲ್ಲಿ ಕಡಿಮೆ ಇರುವುದು ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ. ಎರಡೂ ಒಂದೇ ತಟ್ಟೆಗೆ ಬಂದಾಗ ಮೈಗೆ ಪೂರ್ತಿ ಸಲ್ಲುತ್ತದೆ.

ಹಸಿ ಮೀನು, ಒಣ ಮೀನು, ಬಳಚು, ಮೊಟ್ಟೆ

ಮೇಲಿನ ಲೆಕ್ಕ ನೋಡಿ ಮೀನು ದುಬಾರಿ ಎಂದು ಕೈಬಿಡಬೇಡಿ. ಕಾಳಿನಲ್ಲಿ ಇಲ್ಲದ ಬಿ12 ಮೀನಿನಲ್ಲಿ, ಮೊಟ್ಟೆಯಲ್ಲಿ ಇದೆ. ಅಲ್ಲದೆ ಕಾರವಾರದಲ್ಲಿ ಮೀನಿಲ್ಲದ ಊಟ ಎರಡು ವಾರ ನಡೆದರೆ ಮನೆಯ ಮನಸ್ಸೇ ಕುಗ್ಗುತ್ತದೆ. ಅತ್ತೆ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬಡಿಸುವಾಗ ‘ಸಾಕು’ ಎನ್ನುವುದು ಬೇಗ ಬರುತ್ತದೆ.

ಆರಿಸುವುದಿದ್ದರೆ ಬಂಗಡೆಗಿಂತ ತಾರ್ಲೆ. ಕೊಬ್ಬು, ಸತ್ವದಲ್ಲಿ ತಾರ್ಲೆ ಏನೂ ಕಡಿಮೆಯಲ್ಲ, ಬೆಲೆ ಮಾತ್ರ ಸಾಮಾನ್ಯವಾಗಿ ಅರ್ಧ. ಸಣ್ಣ ತಾರ್ಲೆಯನ್ನು ಹುಳಿ, ಮೆಣಸು, ನಾಲ್ಕು ತೆಪ್ಪಲ (ಘಮದ ಕಾಡು ಮಸಾಲೆಕಾಯಿ) ಹಾಕಿ ಸಣ್ಣ ಉರಿಯಲ್ಲಿ ಬತ್ತಿಸಿದರೆ ಮುಳ್ಳೂ ಮೆತ್ತಗಾಗುತ್ತದೆ. ಅದನ್ನು ಅಗಿದು ತಿಂದರೆ ಹಾಲಿನಲ್ಲಿ ಸಿಗುವ ಸುಣ್ಣದಂಶವೂ ಸಿಕ್ಕಿತು. ಕಾಯಿ ಅರೆಯುವ ಕೆಲಸವೂ ಇಲ್ಲ.

ಬೆಳಗಿನ ಮೀನೋ, ಸಂಜೆಯ ಮೀನೋ? ಸಂಜೆ ಪೇಟೆ ಕಟ್ಟುವ ಹೊತ್ತಿಗೆ ಗುಪ್ಪೆಗೆ 100 ಎಂದವರು 50ಕ್ಕೆ ಬರುತ್ತಾರೆ. ಆದರೆ ತಾರ್ಲೆ, ಬಂಗಡೆ ಎರಡೂ ಐಸ್ ಇಲ್ಲದೆ ಬಿಸಿಲಿಗೆ ಕುಳಿತರೆ ಅವುಗಳಲ್ಲಿ ಹಿಸ್ಟಮೀನ್ ಎಂಬ ನಂಜು ಕೂಡುತ್ತದೆ. ತಿಂದ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಎಷ್ಟು ಕುದಿಸಿದರೂ ಆ ನಂಜು ಹೋಗುವುದಿಲ್ಲ. ನಮ್ಮ ಮಗನಿಗೆ ಒಮ್ಮೆ ಹಾಗಾಗಿ ಉಳಿಸಿದ ಐವತ್ತಕ್ಕೆ ಆಸ್ಪತ್ರೆಯ ಆಟೋ ಬಾಡಿಗೆಯೇ ಹೆಚ್ಚಾಯಿತು. ಕಿವಿರು ಕೆಂಪಿದ್ದು, ಕಣ್ಣು ತಿಳಿಯಾಗಿದ್ದು, ಹೊಟ್ಟೆ ಒಡೆಯದೆ, ಐಸಿನಲ್ಲೇ ಇದ್ದರೆ ಮಾತ್ರ ಸಂಜೆಯದು ತನ್ನಿ. ಸಂಶಯ ಬಂದರೆ ಆ ದಿನ ಮೊಟ್ಟೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಹಸಿ ಮೀನಿನ ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಅದಕ್ಕಾಗಿ ಮೇ ತಿಂಗಳಲ್ಲೇ ಒಣ ಮೀನು ಕೊಂಡಿಡಬೇಕು. ತುಂಡಾದ ಒಣ ಬಂಗಡೆಗಿಂತ ಒಣ ಸಿಗಡಿ, ಘಟ್ಟದ ಕೆಳಗಿನ ನಮ್ಮ ಜನ ಶೆಟ್ಲಿ ಎನ್ನುವುದು, ಹೆಚ್ಚು ಬಾಳುತ್ತದೆ. ಒಂದು ಹಿಡಿ ಹುರಿದು, ಕಾಲು ಕಡಿ ಕಾಯಿ, ಒಣಮೆಣಸು, ಹುಳಿ ಸೇರಿಸಿ ಚಟ್ನಿ ಅರೆದರೆ ಐದು ಜನರ ಗಂಜಿ ಮುಗಿಯುತ್ತದೆ. ಉಪ್ಪು ಹಾಕಿ ಒಣಗಿಸಿದ ಮೀನನ್ನು ರಕ್ತದೊತ್ತಡ ಇರುವ ಹಿರಿಯರಿಗೆ ಕೊಡುವಾಗ ಎರಡು ನೀರಿನಲ್ಲಿ ನೆನೆಸಿ ಚೆಲ್ಲಿ ಆಮೇಲೆ ಬೇಯಿಸಿ.

ಬಳಚಿನ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅಘನಾಶಿನಿಯ, ಕಾಳಿಯ ಹಿನ್ನೀರಿನ ದಂಡೆಯಲ್ಲಿ ಇಳಿತದ ಹೊತ್ತಿಗೆ ಸ್ವತಃ ಇಳಿದು ಆರಿಸುವವರಿಗೆ ಅದಕ್ಕಿಂತ ಒಳ್ಳೆಯ ಪದಾರ್ಥವಿಲ್ಲ. ಪೇಟೆಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದಾದರೆ ಹೆಚ್ಚಿನ ಭಾರ ಚಿಪ್ಪಿನದೇ. ಮನೆಯಲ್ಲಿ ಬಿಡಿಸಿ ನೋಡಿದಾಗ ಒಂದು ಬಟ್ಟಲೂ ತುಂಬುವುದಿಲ್ಲ. ಹಬ್ಬದ ದಿನಕ್ಕೆ ಇರಲಿ.

ಮೊಟ್ಟೆ ಮಾತ್ರ ಯಾವ ಋತುವಿನಲ್ಲೂ ನಂಬಬಹುದಾದದ್ದು. ಮೊಟ್ಟೆ ಸಾರು ಮಾಡುವುದಾದರೆ ತಲೆಗೊಂದು ಬೇಯಿಸಿ ಹಾಕುವ ಬದಲು ಮೂರನ್ನು ಒಡೆದು ಕುದಿಯುವ ಸಾರಿಗೆ ಬಿಟ್ಟರೆ ಐವರಿಗೂ ಸಿಗುತ್ತದೆ.

ಕಾಯಿ ಮತ್ತು ತರಕಾರಿ

ತೆಂಗಿನಕಾಯಿ ನಮಗೆ ಉಪ್ಪಿನಷ್ಟೇ ಸಹಜ, ಆದ್ದರಿಂದಲೇ ಅದರ ಖರ್ಚು ಕಣ್ಣಿಗೆ ಬೀಳುವುದಿಲ್ಲ. ದಿನಕ್ಕೆ ಅರ್ಧ ಕಾಯಿ ಎಂದರೂ 11 ದಿನಕ್ಕೆ ಐದೂವರೆ ಕಾಯಿ, ಒಂದಕ್ಕೆ 40ರಂತೆ 220 ರೂಪಾಯಿ. ಎರಡೂಮುಕ್ಕಾಲು ಕೆಜಿ ಹುರುಳಿಯ ದುಡ್ಡು! ಎರಡು ಕಾಯಿ ಸಾಕು ಎಂದು ನಿಶ್ಚಯಿಸಿಕೊಂಡೆ. ಘಟ್ಟದ ಮೇಲಿನ ಅಡುಗೆ ಇಲ್ಲಿ ನನ್ನ ಕೈ ಹಿಡಿಯಿತು. ಅಪ್ಪೆಹುಳಿಗೆ ಕಾಯಿ ಇಲ್ಲ: ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ಬೆರೆಸಿ, ಇಂಗಿನ ಒಗ್ಗರಣೆ ಕೊಟ್ಟರಾಯಿತು. ತಂಬುಳಿಗೆ ಎರಡು ಚಮಚ ಕಾಯಿತುರಿ, ಹಿತ್ತಲಿನ ಒಂದೆಲಗ ಅಥವಾ ದೊಡ್ಡಪತ್ರೆ, ಒಂದು ಲೋಟ ಮಜ್ಜಿಗೆ. ಕೆಸುವಿನ ಸೊಪ್ಪಿನ ಕರಕಲಿಗೂ ಕಾಯಿ ಬೇಡ, ಹುಳಿ ಮಾತ್ರ ಧಾರಾಳ ಬೀಳಬೇಕು, ಇಲ್ಲವಾದರೆ ಗಂಟಲು ತುರಿಸುತ್ತದೆ. ಆದರೆ ಒಂದು ಎಚ್ಚರ: ಇವೆಲ್ಲ ನಾಲಿಗೆಗೆ ಹಿತ, ಅನ್ನ ಇಳಿಸುತ್ತವೆ, ಪ್ರೋಟೀನ್ ಕೊಡುವುದಿಲ್ಲ. ತಂಬುಳಿಯ ದಿನ ಪಕ್ಕದಲ್ಲಿ ಹುರುಳಿ ಪಲ್ಯವೋ ಹೆಸರುಕಾಳೋ ಇರಲೇಬೇಕು.

ತರಕಾರಿಗೆ ಕಾರವಾರದ ಭಾನುವಾರದ ಸಂತೆ. ಹುಬ್ಬಳ್ಳಿ, ಹಾವೇರಿ ಕಡೆಯಿಂದ ಬಂದವರು ಸಂಜೆ ಐದರ ಮೇಲೆ ಉಳಿದದ್ದನ್ನು ಹೊತ್ತು ವಾಪಸು ಹೋಗಲು ಒಪ್ಪುವುದಿಲ್ಲ. ಟೊಮೆಟೊ, ಬದನೆ ಆಗ ಅಗ್ಗ, ಆದರೆ ಎರಡು ದಿನದಲ್ಲಿ ಕೊಳೆಯುವಂಥದ್ದನ್ನು ಅಗ್ಗವೆಂದು ಚೀಲ ತುಂಬಬೇಡಿ. ಹಾಲಕ್ಕಿ ಸಮುದಾಯದ ಹೆಂಗಸರ ಬುಟ್ಟಿಯ ಬಸಳೆ, ಹರಿವೆ ಬೆಳಿಗ್ಗೆಯೇ ಒಳ್ಳೆಯದು. ಅಲ್ಲಿ ಚೌಕಾಸಿ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಅವರ ಮನೆಯಲ್ಲೂ ನಮ್ಮದೇ ಲೆಕ್ಕ ನಡೆಯುತ್ತಿರುತ್ತದೆ. ಒಂದು ದೊಡ್ಡ ಮೊಗೆಕಾಯಿ ಕೊಂಡು ತೂಗುಹಾಕಿದರೆ ಸಂಬಳದವರೆಗೂ ಕೆಡುವುದಿಲ್ಲ. ಮಳೆಗಾಲದ ಮೊದಲ ವಾರಗಳಲ್ಲಿ ಬೇಲಿಯಲ್ಲಿ ತಾನೇ ಏಳುವ ತಗಟೆ ಸೊಪ್ಪು, ವರ್ಷವಿಡೀ ನುಗ್ಗೆ ಸೊಪ್ಪು, ಬೇಸಿಗೆಯಲ್ಲಿ ಹಲಸಿನ ಬೀಜ: ಇವಕ್ಕೆ ಬೆಲೆಯೇ ಇಲ್ಲ.

ಚಹಾ, ಬಿಸ್ಕಿಟ್, ನೂಡಲ್ಸ್

ಬೇಗ ಹೇಳಿ ಮುಗಿಸುತ್ತೇನೆ. ಹದಿನೈದು ರೂಪಾಯಿಯ ನೂಡಲ್ಸ್ ಪೊಟ್ಟಣ ಒಂದು ಮಗುವಿಗೆ ಒಂದು ಹೊತ್ತು. ಅದೇ ದುಡ್ಡಿಗೆ ಎರಡು ಮೊಟ್ಟೆ. ಸಂಜೆಯ ಹಸಿವಿಗೆ ಅವಲಕ್ಕಿ, ಬೆಲ್ಲ, ಒಂದು ಹಿಡಿ ಹುರಿದ ಶೇಂಗಾ ಕೊಟ್ಟು ನೋಡಿ. ಚಹಾ ಬಿಡಿ ಎನ್ನುವುದಿಲ್ಲ, ಊಟದ ಜೊತೆಗೆ ಕುಡಿಯಬೇಡಿ ಎನ್ನುತ್ತೇನೆ, ಕಾಳು ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಹಾಲು ಇಲ್ಲದ ದಿನ ಕೊತ್ತಂಬರಿ, ಜೀರಿಗೆ ಹುರಿದು ಕುಟ್ಟಿದ ಕಷಾಯಕ್ಕೆ ಜೋನಿಬೆಲ್ಲ.

ಹೊರಗಿನ ಊಟ

ಸರ್ಕಾರಿ, ಅನುದಾನಿತ ಶಾಲೆಯಲ್ಲಿ 1ರಿಂದ 10ನೇ ತರಗತಿಯವರೆಗೆ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಸಿಗುತ್ತದೆ. ಈ ದಿನಗಳಲ್ಲಿ ಸಣ್ಣ ನೆಗಡಿಗೆಲ್ಲ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಮೊಟ್ಟೆ ಬೇಡವೆಂದು ಬಾಳೆಹಣ್ಣು ತೆಗೆದುಕೊಳ್ಳುವ ಮಗುವಿಗೆ, ನೀವು ಮೊಟ್ಟೆ ತಿನ್ನುವ ಮನೆಯವರಾದರೆ, ತಿಳಿಸಿ ಹೇಳಿ. ಗರ್ಭಿಣಿ, ಬಾಣಂತಿ ಮನೆಯಲ್ಲಿದ್ದರೆ ಅಂಗನವಾಡಿಯ ಮಾತೃಪೂರ್ಣ ಊಟ ಅವರ ಹಕ್ಕು, ನಾಚಿಕೆಯ ವಿಷಯವಲ್ಲ. ನಿಮ್ಮ ಊರಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ ತಿಂಡಿಗೆ 5, ಊಟಕ್ಕೆ 10 ರೂಪಾಯಿ. ಪೇಟೆಯಲ್ಲಿ ದುಡಿಯುವವರು ಹೋಟೆಲಿನಲ್ಲಿ ಮೂವತ್ತು ಕೊಟ್ಟು ತಿನ್ನುವ ಬದಲು ಅಲ್ಲಿಗೆ ಹೋಗುವುದು ಲೇಸು.

ಡಬ್ಬಿಯೇ ಬರಿದಾದಾಗ: ಉದ್ರಿ, ಕೈಗಡ, ಬಡ್ಡಿ

ಮೊದಲ ಆಯ್ಕೆ ಕೈಗಡ. ಅಕ್ಕಪಕ್ಕದವರಿಂದ, ನಾದಿನಿಯಿಂದ, ಬಡ್ಡಿಯಿಲ್ಲದೆ, ಇಂಥ ದಿನ ಕೊಡುತ್ತೇನೆಂದು ಹೇಳಿ, ಅದೇ ದಿನ ಕೊಡುವುದು. ಎರಡನೆಯದು ಸ್ತ್ರೀಶಕ್ತಿ ಸಂಘದ ಸ್ವಂತ ಉಳಿತಾಯದಿಂದ ಸಿಗುವ ಸಾಲ. ಬಡ್ಡಿ ಸಣ್ಣದು, ಅದೂ ಸಂಘಕ್ಕೇ ಉಳಿಯುತ್ತದೆ. ಕೆಲಸದ ಕಡೆ ಸಂಬಳದ ಮೇಲೆ ಮುಂಗಡ ಕೊಡುವವರಿದ್ದರೆ ಅದೂ ಸರಿ, ಮುಂದಿನ ತಿಂಗಳ ಡಬ್ಬಿ ಅಷ್ಟು ಬೇಗ ಬರಿದಾಗುತ್ತದೆ ಎಂಬುದು ನೆನಪಿರಲಿ.

ಅಂಗಡಿಯ ಉದ್ರಿಗೆ ಬಡ್ಡಿ ಇಲ್ಲ ಎಂದು ತೋರುತ್ತದೆ. ಆದರೆ ಉದ್ರಿ ಪುಸ್ತಕ ಇರುವ ಅಂಗಡಿ ಬಿಟ್ಟು ಅಗ್ಗದ ಕಡೆ ಹೋಗುವ ಸ್ವಾತಂತ್ರ್ಯ ನಮಗೆ ಇರುವುದಿಲ್ಲ. ಕೇಳಿದ ದರ ಕೊಡಬೇಕು, ಮಕ್ಕಳನ್ನು ಕಳಿಸಿದಾಗ ಬಿಸ್ಕಿಟ್ಟೂ ಪುಸ್ತಕಕ್ಕೆ ಏರುತ್ತದೆ. ಉದ್ರಿ ತರುವುದಾದರೆ ಕಾಳು, ಎಣ್ಣೆ ಎರಡಕ್ಕೇ ತನ್ನಿ. ಬರೆದದ್ದನ್ನು ಅಲ್ಲೇ ನಿಂತು ಓದಿ, ನಿಮ್ಮದೊಂದು ಚೀಟಿಯಲ್ಲೂ ಬರೆದುಕೊಳ್ಳಿ.

ಬಡ್ಡಿಯವರ ಬಳಿ ಊಟಕ್ಕೆಂದು ಸಾಲ ತರಬೇಡಿ. ತಿಂಗಳಿಗೆ ನೂರಕ್ಕೆ ಹತ್ತರಂತೆ 2,000 ತಂದರೆ ಬಡ್ಡಿಯೇ 200, ಎರಡೂವರೆ ಕೆಜಿ ಹುರುಳಿಯನ್ನು ಪ್ರತಿ ತಿಂಗಳೂ ಅವರ ಮನೆಗೆ ಹೊತ್ತು ಹಾಕಿದ ಹಾಗೆ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳು ಇದಕ್ಕಿಂತ ಕೆಟ್ಟವು, ನಿಮ್ಮ ಫೋನಿನಲ್ಲಿರುವ ಎಲ್ಲರ ನಂಬರನ್ನೂ ತೆಗೆದುಕೊಂಡು ಆಮೇಲೆ ಅವರಿಗೆಲ್ಲ ಕರೆ ಮಾಡುತ್ತವೆ. ಈಗಾಗಲೇ ಕಿರುಸಾಲದಲ್ಲಿ ಸಿಕ್ಕಿಕೊಂಡು ಬಾಗಿಲಿಗೆ ಬಂದು ಗದರಿಸುವವರನ್ನು ಎದುರಿಸುತ್ತಿದ್ದರೆ, ಬಲವಂತದ ವಸೂಲಿಯನ್ನು ತಡೆಯುವ ಕಾನೂನನ್ನು ರಾಜ್ಯ 2025ರಲ್ಲಿ ತಂದಿದೆ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಬಹುದು.

ನಮ್ಮ ಮನೆಯ ಚೀಟಿ

ಅಕ್ಕಿ, ಉಪ್ಪು, ಮೆಣಸು, ಚಹಾಪುಡಿ, ಬೆಲ್ಲ ಮನೆಯಲ್ಲಿವೆ ಎಂದಿಟ್ಟುಕೊಂಡು ಕಳೆದ ತಿಂಗಳ 1,200 ಹೀಗೆ ಹೋಯಿತು. ಹುರುಳಿ ಒಂದೂವರೆ ಕೆಜಿ 120. ಹೆಸರುಕಾಳು ಒಂದು ಕೆಜಿ 120. ಸೋಯಾ ಅರ್ಧ ಕೆಜಿ 70. ಮೊಟ್ಟೆ 20ಕ್ಕೆ 140. ತಾರ್ಲೆ ಎರಡು ಸಲ ಒಂದೊಂದು ಕೆಜಿ, 200. ಎಣ್ಣೆ ಒಂದು ಲೀಟರ್ 150. ಕಾಯಿ ಎರಡು, 80. ಅರ್ಧ ಲೀಟರ್ ಹಾಲು ಆರು ದಿನಕ್ಕೆ 138. ಉಳಿದ 182 ಸೊಪ್ಪು, ಮೊಗೆಕಾಯಿ, ಈರುಳ್ಳಿಗೆ.

ದಿನಕ್ಕೆ ಒಂದೂವರೆ ಕೆಜಿ ಅಕ್ಕಿಯ ಜೊತೆ ಕೂಡಿಸಿದರೆ ತಲೆಗೆ ಸುಮಾರು 44 ಗ್ರಾಂ ಪ್ರೋಟೀನ್ ಬರುತ್ತದೆ. ದೊಡ್ಡವರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 0.8 ಗ್ರಾಂಗಿಂತ ತುಸು ಹೆಚ್ಚು ಬೇಕೆಂಬುದು ಲೆಕ್ಕ, ಮಕ್ಕಳ ತೂಕ ಕಡಿಮೆ. ಹಾಗಾಗಿ ಮನೆಗೆಲ್ಲ ಹೆಚ್ಚುಕಡಿಮೆ ಸರಿದೂಗುತ್ತದೆ, ಸಮನಾಗಿ ಬಡಿಸಿದರೆ.

ಆ ‘ಬಡಿಸಿದರೆ’ ಎಂಬಲ್ಲಿ ನಾನು ಮೊದಲು ಸೋಲುತ್ತಿದ್ದೆ. ಗಂಡಸರು, ಮಕ್ಕಳು, ಅತ್ತೆ ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಇದ್ದಷ್ಟು ನನಗೆ. ಎರಡು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8 ಇತ್ತು. ಆಗಿನಿಂದ ಅತ್ತೆಯೇ ಒಂದು ಕ್ರಮ ಹಾಕಿದರು. ಒಲೆಯಿಂದ ಇಳಿಸಿದ ಕೂಡಲೇ ಪದಾರ್ಥವನ್ನು ಐದು ಬಟ್ಟಲಿಗೆ ಹಾಕಿಡುವುದು, ಯಾರು ಯಾವಾಗ ಉಂಡರೂ ಅವರವರ ಬಟ್ಟಲು ಅವರಿಗೆ. ನನ್ನ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿಡುವುದನ್ನು ಅವರು ಇಂದಿಗೂ ಬಿಟ್ಟಿಲ್ಲ.